ಸುಟ್ಟುಹೋಯಿತು ಅಂದರೆ ಇಲ್ಲವಾಯಿತು ಅಂತಲ್ಲ: ಹಳೆಯ ಉಪಗ್ರಹಗಳು ಕೆಳಗೆ ಬಿದ್ದಾಗ ಏನಾಗುತ್ತದೆ?

2025ರ ಮೇ 10ರಂದು ಒಂದು ಹಳೇ ನೌಕೆ ಆಕಾಶದಿಂದ ಬಿತ್ತು. ಹೆಸರು ಕಾಸ್ಮಾಸ್ 482. ಸೋವಿಯತ್ ಒಕ್ಕೂಟ ಅದನ್ನು ಶುಕ್ರಗ್ರಹಕ್ಕೆಂದು ಹಾರಿಸಿದ್ದು 1972ರ ಮಾರ್ಚ್ 31ರಂದು. ರಾಕೆಟ್ಟಿನ ಕೊನೆಯ ಹಂತದ ಎಂಜಿನ್ ಹೊತ್ತಿಗೆ ಮುಂಚೆಯೇ ನಿಂತುಬಿಟ್ಟಿತು. ಶುಕ್ರನ ದಾರಿ ಹಿಡಿಯಬೇಕಿದ್ದ ನೌಕೆ ಭೂಮಿಯ ಸುತ್ತಲೇ ಸಿಕ್ಕಿಹಾಕಿಕೊಂಡಿತು. ಹಾಗೇ 53 ವರ್ಷ ಸುತ್ತಿತು. ಅದನ್ನು ಕಳಿಸಿದ ದೇಶವೇ ಇಲ್ಲವಾಗಿ ಮೂರು ದಶಕ ಕಳೆದಿತ್ತು, ನೌಕೆ ಮಾತ್ರ ಮೇಲೆಯೇ ಇತ್ತು.

ಅದು ಬೀಳುವ ಮುಂಚಿನ ಒಂದೆರಡು ವಾರ ಉಪಗ್ರಹಗಳ ಮೇಲೆ ಕಣ್ಣಿಡುವವರೆಲ್ಲ ಅದರ ಲೆಕ್ಕವನ್ನೇ ಹಾಕುತ್ತಿದ್ದರು. ಸಾಮಾನ್ಯ ಉಪಗ್ರಹವಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಶುಕ್ರನ ಮೇಲೆ ಇಳಿಯಲು ಮಾಡಿದ ಟೈಟಾನಿಯಂ ಗುಂಡು. ಅಡ್ಡಳತೆ ಸುಮಾರು ಒಂದು ಮೀಟರ್, ತೂಕ ಸುಮಾರು 495 ಕಿಲೋ. ಶುಕ್ರನ ಬಿಸಿಯನ್ನೂ ಅಲ್ಲಿನ ಗಾಳಿಯ ಒತ್ತಡವನ್ನೂ ತಡೆದುಕೊಳ್ಳಲಿ ಅಂತ ಕಟ್ಟಿದ್ದು. ಅಂಥದ್ದಕ್ಕೆ ಭೂಮಿಯ ವಾತಾವರಣ ಏನು ಮಹಾ? ಇಡಿಯಾಗಿ ನೆಲ ಮುಟ್ಟುವ ಸಾಧ್ಯತೆ ನಿಜಕ್ಕೂ ಇತ್ತು. ಕೊನೆಗೆ ಅದು ಜಕಾರ್ತಾದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದಲ್ಲಿ ಬಿತ್ತು ಅಂತ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಹೇಳಿತು. ಅಲ್ಲಿಗೆ ಸುದ್ದಿ ತಣ್ಣಗಾಯಿತು.

ಹಳೆಯ ಉಪಗ್ರಹಗಳ ಬಗ್ಗೆ ಯಾವ ಪುಸ್ತಕ ತೆರೆದರೂ ಕೊನೆಯ ಸಾಲು ಒಂದೇ: ‘ವಾತಾವರಣ ಪ್ರವೇಶಿಸಿ ಸುಟ್ಟುಹೋಯಿತು’. ಶಾಲೆಯಲ್ಲಿ ನಾವೂ ಹಾಗೇ ಓದಿದೆವು. ಆ ಒಂದು ಸಾಲು ಬರೆದರೆ ಕತೆ ಮುಗಿಯಿತು ಅನ್ನಿಸಿಬಿಡುತ್ತದೆ. ನನ್ನ ತಕರಾರು ಅಲ್ಲೇ ಇರುವುದು. ಸುಟ್ಟ ಲೋಹ ಮಾಯವಾಗುವುದಿಲ್ಲ. ಅದು ಉಂಡೆಯಾಗಿ ಹೊಲಕ್ಕೆ ಬೀಳುತ್ತದೆ, ಇಲ್ಲವೇ ಪುಡಿಯಾಗಿ ಗಾಳಿಯಲ್ಲಿ ಉಳಿಯುತ್ತದೆ. ಮೊದಲ ಹತ್ತಿಪ್ಪತ್ತು ವರ್ಷಗಳ ಉಪಗ್ರಹಗಳು ಇದನ್ನು ಚೆನ್ನಾಗಿಯೇ ತೋರಿಸಿಕೊಟ್ಟಿದ್ದವು. ಆ ಪಾಠದಲ್ಲಿ ಅರ್ಧವನ್ನು ಮಾತ್ರ ನಾವು ಕಲಿತೆವು.

ಮೊದಲು ಉಪಗ್ರಹ ಯಾಕೆ ಬೀಳುತ್ತದೆ ಅಂತ ನೋಡೋಣ. ನಿಜ ಹೇಳಬೇಕೆಂದರೆ ಕಕ್ಷೆಯಲ್ಲಿರುವ ಉಪಗ್ರಹ ಯಾವಾಗಲೂ ಬೀಳುತ್ತಲೇ ಇರುತ್ತದೆ. ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೂ ಓಡುತ್ತಿರುತ್ತದೆ. ಅದು ಕೆಳಗೆ ಬೀಳುವಷ್ಟೇ ಭೂಮಿಯೂ ಬಾಗುತ್ತಾ ಹೋಗುವುದರಿಂದ ನೆಲ ಸಿಗುವುದೇ ಇಲ್ಲ. ಗಾಳಿ ಪೂರ್ತಿ ಇಲ್ಲದಿದ್ದರೆ ಈ ಆಟ ಎಷ್ಟು ಕಾಲ ಬೇಕಾದರೂ ನಡೆಯುತ್ತಿತ್ತು. ಆದರೆ ವಾತಾವರಣಕ್ಕೆ ಇಂತಲ್ಲೇ ಮುಗಿಯಿತು ಅನ್ನುವ ಗಡಿ ಇಲ್ಲ. 300, 400 ಕಿಲೋಮೀಟರ್ ಎತ್ತರದಲ್ಲೂ ತೀರಾ ತೆಳುವಾದ ಗಾಳಿ ಇದ್ದೇ ಇದೆ. ಅದರ ಒಂದೊಂದು ಕಣವೂ ಉಪಗ್ರಹಕ್ಕೆ ಬಡಿದು ಅದರ ಶಕ್ತಿಯನ್ನು ಚೂರುಚೂರೇ ಕಿತ್ತುಕೊಳ್ಳುತ್ತದೆ.

ಜಗತ್ತಿನ ಮೊದಲ ಉಪಗ್ರಹ ಸ್ಪುಟ್ನಿಕ್ 1 ಹೀಗೇ ಬಿದ್ದದ್ದು. 1957ರ ಅಕ್ಟೋಬರ್ 4ರಂದು ಹಾರಿದ ಈ ಗೋಳದ ಅಡ್ಡಳತೆ 58 ಸೆಂಟಿಮೀಟರ್, ತೂಕ 83.6 ಕಿಲೋ. ಭೂಮಿಗೆ ತೀರಾ ಹತ್ತಿರ ಬಂದಾಗ ಅದರ ಎತ್ತರ ಸುಮಾರು 215 ಕಿಲೋಮೀಟರ್, ದೂರ ಹೋದಾಗ ಸುಮಾರು 940 ಕಿಲೋಮೀಟರ್. ಪ್ರತಿ ಸುತ್ತಿನಲ್ಲೂ ಕೆಳಗಿನ ತುದಿಗೆ ಬಂದಾಗ ಗಾಳಿ ತಗುಲುತ್ತಿತ್ತು. ಹಾಗೆ ತಗುಲಿದಾಗಲೆಲ್ಲ ಕಕ್ಷೆಯ ಮೇಲಿನ ತುದಿ ಇಳಿಯುತ್ತಿತ್ತು. ಮೊಟ್ಟೆಯಂತಿದ್ದ ಕಕ್ಷೆ ಬರುಬರುತ್ತಾ ದುಂಡಗಾಯಿತು. ಮೂರು ವಾರದಲ್ಲಿ ಬ್ಯಾಟರಿ ಮುಗಿದು ಬೀಪ್ ಬೀಪ್ ಸದ್ದು ನಿಂತಿತು. 1958ರ ಜನವರಿ 4ರಂದು, ಸುಮಾರು 1,440 ಸುತ್ತು ಹಾಕಿದ ಮೇಲೆ, ಅದು ಉರಿದುಹೋಯಿತು.

ಜನ ಆಗ ರಾತ್ರಿ ಮನೆಯಿಂದ ಹೊರಗೆ ಬಂದು ಸ್ಪುಟ್ನಿಕ್ ಅಂತ ನೋಡುತ್ತಿದ್ದದ್ದು ಹೆಚ್ಚಾಗಿ ಆ ಗೋಳವನ್ನಲ್ಲ. ಅದರ ಜೊತೆಗೇ ಕಕ್ಷೆಗೆ ಹೋಗಿದ್ದ ರಾಕೆಟ್ಟಿನ ಒಡಲನ್ನು. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು ಅದೇ. ಮತ್ತೆ ಆ ಒಡಲು ಗೋಳಕ್ಕಿಂತ ಒಂದು ತಿಂಗಳು ಮುಂಚೆ, ಡಿಸೆಂಬರ್ ಶುರುವಿನಲ್ಲೇ ಬಿದ್ದುಹೋಯಿತು. ಎರಡೂ ಒಂದೇ ದಿನ, ಒಂದೇ ಕಕ್ಷೆಗೆ ಹೋದವು, ಆದರೂ ಬಿದ್ದ ದಿನ ಬೇರೆ. ತರಗೆಲೆಯನ್ನೂ ಬೆಣಚುಕಲ್ಲನ್ನೂ ಒಟ್ಟಿಗೆ ಎಸೆದು ನೋಡಿ. ಎಲೆಯನ್ನು ಗಾಳಿ ಬೇಗ ತಡೆಯುತ್ತದೆ, ಕಲ್ಲು ದೂರ ಹೋಗುತ್ತದೆ. ಇಂಧನ ಖಾಲಿಯಾದ ರಾಕೆಟ್ಟಿನ ಒಡಲು ಟೊಳ್ಳು ಕೊಳವೆ, ಗಾಳಿಗೆ ಒಡ್ಡುವ ಮೈ ಜಾಸ್ತಿ. ಹಾಗಾಗಿ ಅದಕ್ಕೆ ಎಲೆಯ ಪಾಡು.

ಎರಡನೆಯ ಸ್ಪುಟ್ನಿಕ್‌ನ ಕತೆ ಬರೆಯುವಾಗ ನನಗೆ ಪ್ರತಿ ಸಲ ಕೈ ನಿಲ್ಲುತ್ತದೆ. 1957ರ ನವೆಂಬರ್ 3ರಂದು ಲೈಕಾ ಎಂಬ ನಾಯಿಯನ್ನು ಹೊತ್ತು ಹೋದ ನೌಕೆ ಅದು. ಅವಳನ್ನು ವಾಪಸ್ ಕರೆತರುವ ಏರ್ಪಾಡು ಶುರುವಿನಿಂದಲೂ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಬಿಸಿ ತಡೆಯಲಾಗದೆ ಅವಳು ಸತ್ತಿದ್ದಳು ಅನ್ನುವುದು ಜಗತ್ತಿಗೆ ತಿಳಿದದ್ದು 2002ರಲ್ಲಿ. ನೌಕೆ ಐದು ತಿಂಗಳು ಅವಳ ದೇಹವನ್ನು ಹೊತ್ತು ಸುತ್ತಿ, 1958ರ ಏಪ್ರಿಲ್ 14ರಂದು ಕೆರಿಬಿಯನ್ ಕಡೆ ಆಕಾಶದಲ್ಲಿ ಉರಿಯುತ್ತಾ ಇಳಿಯಿತು. ದ್ವೀಪಗಳಲ್ಲಿ, ಹಡಗುಗಳಲ್ಲಿ ಇದ್ದವರು ಕಿಡಿಗಳ ಬಾಲ ಕಟ್ಟಿಕೊಂಡು ಹೋದ ಆ ಬೆಳಕನ್ನು ಕಂಡರು.

ಇಲ್ಲಿ ಒಂದು ವಿಚಿತ್ರ ಹೇಳಲೇಬೇಕು. ಗಾಳಿ ತಡೆದರೆ ವೇಗ ಕಮ್ಮಿಯಾಗಬೇಕು ಅಲ್ವಾ? ಆದರೆ ಬೀಳುತ್ತಿರುವ ಉಪಗ್ರಹದ ವೇಗ ಹೆಚ್ಚುತ್ತಾ ಹೋಗುತ್ತದೆ. ಗಾಳಿ ಅದರ ಒಟ್ಟು ಶಕ್ತಿಯನ್ನು ಕಸಿದುಕೊಂಡಷ್ಟೂ ಅದು ಕೆಳಗಿಳಿಯುತ್ತದೆ. ಕೆಳಗಿನ ಕಕ್ಷೆಯಲ್ಲಿ ವೇಗ ಯಾವಾಗಲೂ ಹೆಚ್ಚು. ವೇಗ ಹೆಚ್ಚಿತು, ಗಾಳಿಯೂ ದಪ್ಪವಾಯಿತು, ತಡೆ ಇನ್ನೂ ಜಾಸ್ತಿಯಾಯಿತು. ಹಾಗಾಗಿ ಕೊನೆ ಕೊನೆಗೆ ಎಲ್ಲವೂ ಸರಸರ ನಡೆದುಬಿಡುತ್ತದೆ. 600 ಕಿಲೋಮೀಟರ್‌ನಿಂದ 400ಕ್ಕೆ ಇಳಿಯಲು ವರ್ಷಗಟ್ಟಲೆ ಹಿಡಿಯಬಹುದು. 200ರಿಂದ ನೆಲಕ್ಕೆ ಬರಲು ಕೆಲವು ದಿನ ಸಾಕು.

ಇದರಲ್ಲಿ ಸೂರ್ಯನ ಕೈವಾಡವೂ ಇದೆ. ಅದು ಗೊತ್ತಾದದ್ದೇ ಈ ಮೊದಲ ಉಪಗ್ರಹಗಳಿಂದ. ಅಮೆರಿಕದ ಸ್ಮಿತ್ಸೋನಿಯನ್ ಖಗೋಳ ವೀಕ್ಷಣಾಲಯದಲ್ಲಿದ್ದ ಲುಯಿಜಿ ಯಾಕಿಯಾ ಎಂಬ ವಿಜ್ಞಾನಿ ಅವುಗಳ ಕಕ್ಷೆ ದಿನದಿನಕ್ಕೆ ಎಷ್ಟು ಇಳಿಯುತ್ತಿದೆ ಅಂತ ಲೆಕ್ಕ ಇಡುತ್ತಿದ್ದರು. ಇಳಿತ ಒಂದೇ ಸಮ ಇರಲಿಲ್ಲ. ಕೆಲವು ದಿನ ಜೋರು, ಕೆಲವು ದಿನ ನಿಧಾನ. ಆ ಏರಿಳಿತ ಸುಮಾರು 27 ದಿನಕ್ಕೊಮ್ಮೆ ಮರುಕಳಿಸುತ್ತಿತ್ತು. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ತಾನು ಒಂದು ಸುತ್ತು ತಿರುಗಲು ಹಿಡಿಯುವುದೂ ಅಷ್ಟೇ ದಿನ. ಸೂರ್ಯನ ಚುರುಕಾದ ಭಾಗ ನಮ್ಮ ಕಡೆ ತಿರುಗಿದಾಗ ಮೇಲಿನ ವಾತಾವರಣ ಬಿಸಿಯಾಗಿ ಹಾಲಿನಂತೆ ಉಕ್ಕುತ್ತದೆ. ಉಕ್ಕಿದ ಗಾಳಿ ಉಪಗ್ರಹಗಳಿಗೆ ಅಡ್ಡ ಬರುತ್ತದೆ. ಯಾವ ಉಪಕರಣವೂ ಕೆಲಸ ಮಾಡದ, ಸತ್ತ ಉಪಗ್ರಹವೊಂದು ಬೀಳುತ್ತಾ ಬೀಳುತ್ತಾ ಇಷ್ಟು ದೊಡ್ಡ ವಿಷಯ ಹೇಳಿಕೊಟ್ಟಿತು. ನನಗೆ ಆ ಕಾಲದ ವಿಜ್ಞಾನದಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ಗಾಳಿಯ ಈ ಉಕ್ಕುವಿಕೆ ಎಂಥ ದೊಡ್ಡದನ್ನೂ ಬಿಡುವುದಿಲ್ಲ. 1973ರಲ್ಲಿ ಮೇಲೆ ಹೋದ ಅಮೆರಿಕದ ಸ್ಕೈಲ್ಯಾಬ್ ಸುಮಾರು 77 ಟನ್ ತೂಕದ ಬಾಹ್ಯಾಕಾಶ ನಿಲ್ದಾಣ. ಶಟಲ್ ನೌಕೆ ಸಿದ್ಧವಾದ ಮೇಲೆ ಹೋಗಿ ಅದನ್ನು ಎತ್ತರಕ್ಕೆ ತಳ್ಳಿದರಾಯಿತು ಅಂತ ನಾಸಾ ಅಂದುಕೊಂಡಿತ್ತು. ಶಟಲ್ ತಡವಾಯಿತು. ಸೂರ್ಯ ಎಣಿಸಿದ್ದಕ್ಕಿಂತ ಜೋರಾದ. 1979ರ ಜುಲೈ 11ರಂದು ಸ್ಕೈಲ್ಯಾಬ್ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಮೇಲೆ ಚೂರಾಗಿ ಬಿತ್ತು. ಮೊದಲ ಶಟಲ್ ಹಾರಿದ್ದು 1981ರಲ್ಲಿ. 2022ರ ಫೆಬ್ರುವರಿಯಲ್ಲಿ ಹೊಸ ಕಾಲದವರಿಗೂ ಇದೇ ಏಟು ಬಿತ್ತು. ಆಗಷ್ಟೇ 210 ಕಿಲೋಮೀಟರ್ ಎತ್ತರಕ್ಕೆ ಹೋಗಿದ್ದ ಇಂಟರ್ನೆಟ್ ಸೇವೆಯ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಒಂದು ಸೌರ ಬಿರುಗಾಳಿಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಬಿದ್ದುಹೋದವು.

ಎತ್ತರದಲ್ಲಿರುವವು ಮಾತ್ರ ಇದಕ್ಕೆಲ್ಲ ಅಷ್ಟು ಬಗ್ಗುವುದಿಲ್ಲ. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಕೇವಲ 14 ಕಿಲೋ. ಅದರ ಕಕ್ಷೆಯ ಮೇಲಿನ ತುದಿ 2,500 ಕಿಲೋಮೀಟರ್ ದಾಟಿತ್ತು. ಹಾಗಾಗಿ ಅದು ಬೀಳಲು 12 ವರ್ಷ ಹಿಡಿಯಿತು, 1970ರ ಮಾರ್ಚ್ 31ರಂದು ಪೆಸಿಫಿಕ್ ಸಾಗರದ ಮೇಲೆ ಉರಿಯಿತು. 1964ರಲ್ಲಿ ಹೋದ ಓಜಿಓ-1 ಎಂಬ ನಾಸಾದ ಉಪಗ್ರಹ ಬಿದ್ದದ್ದು 2020ರ ಆಗಸ್ಟ್‌ನಲ್ಲಿ, ಟಹೀಟಿಯ ಹತ್ತಿರ. ಅದನ್ನು ಕಟ್ಟಿದವರ ಮೊಮ್ಮಕ್ಕಳ ಕಾಲಕ್ಕೆ ಅಂದರೂ ತಪ್ಪಿಲ್ಲ. 1975ರ ಏಪ್ರಿಲ್ 19ರಂದು ಹೋದ ಭಾರತದ ಮೊದಲ ಉಪಗ್ರಹ ಆರ್ಯಭಟ, ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳನ್ನು ನಿಲ್ಲಿಸಬೇಕಾಗಿ ಬಂದರೂ, 1992ರ ಫೆಬ್ರುವರಿವರೆಗೆ ಮೇಲೆಯೇ ಇತ್ತು. 1958ರ ಮಾರ್ಚ್ 17ರಂದು ಹೋದ ವ್ಯಾನ್‌ಗಾರ್ಡ್ 1 ಇವತ್ತಿಗೂ ಸುತ್ತುತ್ತಿದೆ. ತೂಕ ಒಂದೂವರೆ ಕಿಲೋನೂ ಇಲ್ಲ, ಗಾತ್ರ ಒಂದು ಸಣ್ಣ ಚಕ್ಕೋತದಷ್ಟು. ಮನುಷ್ಯ ಮಾಡಿದ ವಸ್ತುಗಳಲ್ಲಿ ಕಕ್ಷೆಯಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ. ಮೊದಲು 2,000 ವರ್ಷ ಉಳಿಯುತ್ತದೆ ಅಂದಿದ್ದರು. ಸೂರ್ಯನ ಪ್ರಭಾವ ಅರ್ಥವಾದ ಮೇಲೆ ಆ ಲೆಕ್ಕ ಸುಮಾರು 240 ವರ್ಷಕ್ಕೆ ಇಳಿಯಿತು.

ಈಗ ಕೊನೆಯ ಆ ಕೆಲವು ನಿಮಿಷಗಳಿಗೆ ಬರೋಣ. ಸುಮಾರು 120 ಕಿಲೋಮೀಟರ್‌ಗೆ ಇಳಿದರೆ ಮತ್ತೆ ಮೇಲೇಳುವ ಮಾತಿಲ್ಲ. ಗಾಳಿಯ ಉಜ್ಜಾಟದಿಂದ ಉಪಗ್ರಹ ಬಿಸಿಯಾಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹೆಚ್ಚಿನ ಬಿಸಿ ಹುಟ್ಟುವುದು ಗಾಳಿ ಅದುಮಿಹೋಗುವುದರಿಂದ. ಸೈಕಲ್ ಪಂಪಿನ ತುದಿಗೆ ಬೆರಳಿಟ್ಟು ನಾಲ್ಕು ಸಲ ಜೋರಾಗಿ ಒತ್ತಿ ನೋಡಿ, ಕೊಳವೆ ಬೆಚ್ಚಗಾಗುತ್ತದೆ. ಇಲ್ಲಿ ಒತ್ತುತ್ತಿರುವುದು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದ ಲೋಹದ ಪೆಟ್ಟಿಗೆ. ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತೇ ಇಲ್ಲ. ಅದು ಸಾವಿರಾರು ಡಿಗ್ರಿಗೆ ಕಾದು ಹೊಳೆಯುತ್ತದೆ. ಮೊದಲು ಸೌರಫಲಕ, ಆಂಟೆನಾಗಳು ಮುರಿಯುತ್ತವೆ. 80 ಕಿಲೋಮೀಟರ್ ಆಸುಪಾಸಿನಲ್ಲಿ ಒಡಲೇ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಒಳಗಿದ್ದ ಒಂದೊಂದು ಭಾಗದ್ದೂ ಬೇರೆ ಬೇರೆ ಹಣೆಬರಹ.

ಕೆಳಗಿನಿಂದ ನೋಡುವವರಿಗೆ ಇದು ಉಲ್ಕೆಯಂತೆ ಕಾಣಬಹುದು. ಆದರೆ ಗುರುತಿಸುವುದು ಸುಲಭ. ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬೀಳುವ ಉಪಗ್ರಹ ನಿಧಾನ. ಆಕಾಶಕ್ಕೆ ಅಡ್ಡವಾಗಿ, ದೀಪದ ಮೆರವಣಿಗೆ ಹೊರಟಂತೆ, ತುಂಡುಗಳು ಒಂದರ ಹಿಂದೆ ಒಂದು ಸಾಗುತ್ತವೆ. ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಕಾಣುವುದುಂಟು.

ಯಾವುದು ಉಳಿಯುತ್ತದೆ, ಯಾವುದು ಕರಗುತ್ತದೆ ಅನ್ನುವುದನ್ನು ಬಹುಪಾಲು ಲೋಹವೇ ತೀರ್ಮಾನಿಸುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ. ಉಕ್ಕಿಗೆ ಸುಮಾರು 1,400 ದಾಟಬೇಕು, ಟೈಟಾನಿಯಂಗೆ ಸುಮಾರು 1,670. ಆಕಾರದ್ದೂ ಪಾತ್ರವಿದೆ. ಟೊಳ್ಳು ಗೋಳ ಬೇಗ ವೇಗ ಕಳೆದುಕೊಳ್ಳುತ್ತದೆ, ಉರುಳುತ್ತಾ ಬರುವುದರಿಂದ ಶಾಖವೂ ಒಂದೇ ಕಡೆ ನಿಲ್ಲುವುದಿಲ್ಲ. ಅದಕ್ಕೇ ನೆಲದ ಮೇಲೆ ಹೆಚ್ಚಾಗಿ ಸಿಗುವುದು ಇಂಧನದ ಟ್ಯಾಂಕುಗಳು ಮತ್ತು ಅನಿಲ ತುಂಬಿಡುವ ಟೈಟಾನಿಯಂ ಗುಂಡುಗಳು. ದೊಡ್ಡ ಉಪಗ್ರಹವಾದರೆ ಅದರ ತೂಕದಲ್ಲಿ 10ರಿಂದ 40 ಶೇಕಡಾದಷ್ಟು ನೆಲ ಮುಟ್ಟಬಹುದು ಅನ್ನುವುದು ಈ ಕ್ಷೇತ್ರದವರು ಇಟ್ಟುಕೊಂಡಿರುವ ಅಂದಾಜು. ಪೂರ್ತಿ ಸುಟ್ಟುಹೋಗುತ್ತದೆ ಅನ್ನುವ ಮಾತು ಸ್ಪುಟ್ನಿಕ್ 1ರಂಥ ಪುಟಾಣಿಗಳಿಗೆ ಸರಿ. ಎಲ್ಲದಕ್ಕೂ ಅಲ್ಲ.

1962ರ ಸೆಪ್ಟೆಂಬರ್ 5ರ ಬೆಳಗಿನ ಜಾವ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಪಟ್ಟಣ. ನಾರ್ತ್ 8ನೇ ಬೀದಿಯ ನಡುವೆ ಏನೋ ಬಿದ್ದಿರುವುದು ಗಸ್ತಿನಲ್ಲಿದ್ದ ಇಬ್ಬರು ಪೊಲೀಸರ ಕಣ್ಣಿಗೆ ಬಿತ್ತು. ರಟ್ಟಿನ ತುಂಡು ಅಂದುಕೊಂಡು ಮುಂದೆ ಹೋದರು. ಮತ್ತೆ ಬಂದು ಎತ್ತಲು ನೋಡಿದರೆ ಕೈ ಸುಡುವಷ್ಟು ಬಿಸಿ. ಯಾವುದೋ ಕಾರ್ಖಾನೆಯ ಲೋಹದ ಕಿಟ್ಟ ಇರಬೇಕು ಅಂತ ಒದ್ದು ರಸ್ತೆಯ ಪಕ್ಕಕ್ಕೆ ಸರಿಸಿದರು. ಸೋವಿಯತ್ ಉಪಗ್ರಹವೊಂದು ಚೂರಾಗಿ ಬಿದ್ದಿದೆ ಅನ್ನುವ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಕಿವಿಗೆ ಬಿದ್ದ ಮೇಲೆ ಅವರಿಗೆ ಹೊಳೆಯಿತು. ವಾಪಸ್ ಹೋಗಿ ನೋಡಿದರೆ ತುಂಡು ಅಲ್ಲೇ ಇತ್ತು. ಸುಮಾರು 9 ಕಿಲೋ ಉಕ್ಕು. 1960ರ ಮೇ ತಿಂಗಳಲ್ಲಿ ಹೋಗಿದ್ದ ಸ್ಪುಟ್ನಿಕ್ 4ರ ಚೂರು ಅದು. ಕೆಳಗಿಳಿಸಲು ಹಚ್ಚಿದ ರಾಕೆಟ್ ತಪ್ಪು ದಿಕ್ಕಿಗೆ ಉರಿದು ನೌಕೆಯನ್ನು ಇನ್ನೂ ಮೇಲಕ್ಕೆ ತಳ್ಳಿತ್ತು. ಎರಡು ವರ್ಷದ ನಂತರ ಅದು ತಾನಾಗಿಯೇ ಇಳಿದು ಬಂತು. ಬಿದ್ದ ಜಾಗದಲ್ಲಿ ಈಗ ರಸ್ತೆಗೆ ಒಂದು ಲೋಹದ ಉಂಗುರ ಕೂರಿಸಿದ್ದಾರೆ.

ಶುರುವಿನಲ್ಲಿ ಹೇಳಿದ ಕಾಸ್ಮಾಸ್ 482ರದ್ದೂ ಇಂಥದ್ದೇ ಒಂದು ಹಿಂದಿನ ಕತೆ ಇದೆ. ಅದರ ಜೊತೆ ಮೇಲೆ ಹೋಗಿದ್ದ ಕೆಲವು ಭಾಗಗಳು ಹಾರಿದ ಮೂರು ದಿನಕ್ಕೇ ಕೆಳಗೆ ಬಂದವು. ನ್ಯೂಜಿಲೆಂಡಿನ ಆಶ್‌ಬರ್ಟನ್ ಹತ್ತಿರದ ಹೊಲಗಳಲ್ಲಿ ಟೈಟಾನಿಯಂ ಗುಂಡುಗಳು ಸಿಕ್ಕವು. ಒಂದೊಂದೂ 13 ಕಿಲೋ ದಾಟುವಂಥವು, ಮೈಯೆಲ್ಲ ಸುಟ್ಟು ಕಪ್ಪಾಗಿದ್ದವು. ಬಾಹ್ಯಾಕಾಶದಿಂದ ಬಿದ್ದ ವಸ್ತುವನ್ನು ಕಳಿಸಿದ ದೇಶಕ್ಕೆ ಹಿಂದಿರುಗಿಸಬೇಕು ಅಂತ 1968ರ ಒಪ್ಪಂದ ಹೇಳುತ್ತದೆ. ಆದರೆ ಸೋವಿಯತ್ ಒಕ್ಕೂಟ ಅದು ನಮ್ಮದು ಅಂತ ಒಪ್ಪಿಕೊಳ್ಳಲೇ ಇಲ್ಲ. ಕೊನೆಗೆ ಗುಂಡುಗಳು ಹೊಲದ ಯಜಮಾನರಿಗೇ ಉಳಿದವು.

ಇವೆಲ್ಲ ಕಣ್ಣಿಗೆ ಕಾಣುವ, ಕೈಯಲ್ಲಿ ಹಿಡಿಯಬಹುದಾದ ಚೂರುಗಳು. ನನ್ನನ್ನು ಇವುಗಳಿಗಿಂತ ಹೆಚ್ಚು ಕಾಡುವುದು 1964ರ ಏಪ್ರಿಲ್ 21. ಅವತ್ತು ಅಮೆರಿಕದ ನೌಕಾಪಡೆಯ ಟ್ರಾನ್ಸಿಟ್ ಉಪಗ್ರಹವೊಂದು ಕಕ್ಷೆ ಸೇರದೆ ಹಿಂದೂ ಮಹಾಸಾಗರದ ಮೇಲೆ ವಾತಾವರಣಕ್ಕೆ ಬಿತ್ತು. ವಿದ್ಯುತ್ತಿಗಾಗಿ ಅದರಲ್ಲಿ ವಿಕಿರಣ ಸೂಸುವ ಪ್ಲುಟೋನಿಯಂ-238 ಎಂಬ ಲೋಹ ಸುಮಾರು ಒಂದು ಕಿಲೋ ಇತ್ತು. ಅಪಘಾತವಾದರೆ ಇಂಧನ ಎತ್ತರದಲ್ಲೇ ಪೂರ್ತಿ ಸುಟ್ಟು ಚದುರಿಹೋಗಲಿ, ತೆಳುವಾಗಿ ಹರಡಿದರೆ ಅಪಾಯವಿಲ್ಲ ಅನ್ನುವುದು ಆಗಿನ ವಿನ್ಯಾಸದ ತತ್ವವೇ ಆಗಿತ್ತು. ಹಾಗೆಯೇ ಆಯಿತು. ವಿನ್ಯಾಸ ಅಂದುಕೊಂಡಂತೆ ಕೆಲಸ ಮಾಡಿತು. ಆ ಪ್ಲುಟೋನಿಯಂ ಮುಂದೆ ವರ್ಷಗಟ್ಟಲೆ ಜಗತ್ತಿನ ಗಾಳಿಯಲ್ಲಿ, ಆಮೇಲೆ ಎಲ್ಲ ಖಂಡಗಳ ಮಣ್ಣಿನಲ್ಲಿ ಪತ್ತೆಯಾಯಿತು. ಒಂದು ಕಿಲೋ ಲೋಹ ಇಡೀ ಭೂಮಿಗೆ ಹರಡಿತ್ತು.

ಅಮೆರಿಕ ಅದರಿಂದ ಪಾಠ ಕಲಿತು ನಿಯಮವನ್ನು ಬುಡಮೇಲು ಮಾಡಿತು. ಇಂಥ ಇಂಧನ ಸುಟ್ಟುಹೋಗಕೂಡದು, ಗಟ್ಟಿ ಕವಚದೊಳಗೆ ಇಡಿಯಾಗಿ ಕೆಳಗೆ ಬರಬೇಕು ಅಂತಾಯಿತು. 1968ರ ಮೇ ತಿಂಗಳಲ್ಲಿ ನಿಂಬಸ್ ಎಂಬ ಹವಾಮಾನ ಉಪಗ್ರಹದ ರಾಕೆಟ್ ದಿಕ್ಕು ತಪ್ಪಿದಾಗ ಅದನ್ನು ಆಕಾಶದಲ್ಲೇ ನಾಶ ಮಾಡಬೇಕಾಯಿತು. ಅದರ ಪ್ಲುಟೋನಿಯಂ ಕವಚಗಳು ಕ್ಯಾಲಿಫೋರ್ನಿಯಾದ ಕರಾವಳಿಯ ಸಮುದ್ರತಳದಲ್ಲಿ ಹಾಗೆ ಹಾಗೇ ಸಿಕ್ಕವು. ಇಂಧನವನ್ನು ತೆಗೆದು ಮತ್ತೆ ಬಳಸಿದರು.

ಸೋವಿಯತ್ ಕಡೆಯ ದುರಂತ ಇನ್ನೂ ಜೋರಾಗಿ ಸದ್ದು ಮಾಡಿತು. 1978ರ ಜನವರಿ 24ರಂದು ಕಾಸ್ಮಾಸ್ 954 ಎಂಬ ಬೇಹು ಉಪಗ್ರಹ ಯುರೇನಿಯಂ ರಿಯಾಕ್ಟರ್ ಸಮೇತ ಕೆನಡಾದ ವಾಯವ್ಯದ ಹಿಮದ ನಾಡಿನ ಮೇಲೆ ಚೂರಾಯಿತು. ಸುಮಾರು 600 ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಚೂರುಗಳು ಬಿದ್ದವು. ಕೆನಡಾ ಮತ್ತು ಅಮೆರಿಕದ ತಂಡಗಳು ಕೊರೆಯುವ ಚಳಿಯಲ್ಲಿ ವಿಕಿರಣ ಪತ್ತೆ ಯಂತ್ರ ಹೊತ್ತ ವಿಮಾನಗಳಲ್ಲಿ 1,24,000 ಚದರ ಕಿಲೋಮೀಟರ್ ಜಾಲಾಡಿದವು. ಸಿಕ್ಕ ತುಂಡುಗಳಲ್ಲಿ ಕೆಲವು ಹತ್ತಿರ ನಿಂತರೆ ಜೀವಕ್ಕೇ ಅಪಾಯವಾಗುವಷ್ಟು ವಿಕಿರಣ ಸೂಸುತ್ತಿದ್ದವು. ಇಂಧನದ ಬಹುಪಾಲು ಮಾತ್ರ ಸಿಗಲೇ ಇಲ್ಲ. ನೆಲದ ಮೇಲೆ ಹಾನಿಯಾದರೆ ಕಳಿಸಿದ ದೇಶವೇ ಪರಿಹಾರ ಕೊಡಬೇಕು ಅನ್ನುವ 1972ರ ಒಪ್ಪಂದದ ಪ್ರಕಾರ ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು. ಸೋವಿಯತ್ ಒಕ್ಕೂಟ 1981ರಲ್ಲಿ 30 ಲಕ್ಷ ಕೊಟ್ಟು ವ್ಯವಹಾರ ಮುಗಿಸಿತು.

ತಲೆ ಮೇಲೆ ಬೀಳುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಭೂಮಿಯ ಮುಕ್ಕಾಲು ಭಾಗ ನೀರು, ಉಳಿದದ್ದರಲ್ಲೂ ಜನವಸತಿ ಕಮ್ಮಿ. ಒಬ್ಬ ನಿರ್ದಿಷ್ಟ ಮನುಷ್ಯನ ಮೇಲೆ ಬೀಳುವ ಸಂಭವ ನಗಣ್ಯ. ಆದರೆ ಬೀಳುವ ವಸ್ತುಗಳ ಸಂಖ್ಯೆ ಏರುತ್ತಿದೆ. ಬಾಹ್ಯಾಕಾಶ ನಿಲ್ದಾಣದಿಂದ ಬಿಟ್ಟಿದ್ದ ಹಳೆಯ ಬ್ಯಾಟರಿಗಳ ಕಟ್ಟಿನಿಂದ ಬಂದ 700 ಗ್ರಾಂ ತೂಕದ ಲೋಹ 2024ರ ಮಾರ್ಚ್ 8ರಂದು ಫ್ಲೋರಿಡಾದ ಒಂದು ಮನೆಯ ಚಾವಣಿ ಸೀಳಿ, ನೆಲವನ್ನೂ ತೂರಿಕೊಂಡು ಹೋಯಿತು. ಅದು ಕೂಡ ವಾತಾವರಣದಲ್ಲಿ ಪೂರ್ತಿ ಸುಟ್ಟುಹೋಗುತ್ತದೆ ಅಂತ ಎಣಿಸಿದ್ದ ವಸ್ತುವೇ. ಇನ್ನು ಎಲ್ಲಿ ಬೀಳುತ್ತದೆ ಅಂತ ಮುಂಚೆಯೇ ಹೇಳಿ ಅಂದರೆ ಕಷ್ಟ. ಸಮಯದ ಲೆಕ್ಕ ಒಂದು ಗಂಟೆ ಆಚೀಚೆಯಾದರೆ ಜಾಗ 28,000 ಕಿಲೋಮೀಟರ್ ಆಚೀಚೆಯಾಗುತ್ತದೆ. ಅಂದರೆ ಭೂಮಿಯ ಅರ್ಧ ಸುತ್ತಿಗೂ ಜಾಸ್ತಿ.

ಚೂರುಗಳ ಭಯಕ್ಕೆ ಪರಿಹಾರ ಎರಡು. ಒಂದು, ಎಂಜಿನ್ನಿನಲ್ಲಿ ಇಂಧನ ಉಳಿಸಿಕೊಂಡು ಸಮುದ್ರದ ನಿರ್ಜನ ಜಾಗಕ್ಕೆ ಗುರಿಯಿಟ್ಟು ಬೀಳಿಸುವುದು. ಸುಮಾರು 130 ಟನ್ನಿನ ರಷ್ಯಾದ ಬಾಹ್ಯಾಕಾಶ ನಿಲ್ದಾಣ ಮಿರ್ ಅನ್ನು 2001ರ ಮಾರ್ಚ್ 23ರಂದು ದಕ್ಷಿಣ ಪೆಸಿಫಿಕ್‌ಗೆ ಹಾಗೇ ಇಳಿಸಿದರು. ಇಸ್ರೋ ಕೂಡ 2023ರ ಮಾರ್ಚ್ 7ರಂದು ಮೇಘಾ-ಟ್ರೋಪಿಕ್ಸ್-1 ಉಪಗ್ರಹವನ್ನು ಪೆಸಿಫಿಕ್‌ಗೆ ಬೀಳಿಸಿತು. ಹಾಗೆ ಬೀಳಿಸಲು ಅಂತ ಅದನ್ನು ಕಟ್ಟಿರಲೇ ಇಲ್ಲ, ಉಳಿದಿದ್ದ ಇಂಧನ ಲೆಕ್ಕ ಹಾಕಿ ಸಾಧಿಸಿದ್ದು ನಿಜಕ್ಕೂ ಮೆಚ್ಚುವ ಕೆಲಸ. ಎರಡನೆಯ ದಾರಿ, ಏನೂ ನೆಲ ಮುಟ್ಟದ ಹಾಗೆ, ಎಲ್ಲವೂ ಮೇಲೆಯೇ ಸುಟ್ಟುಹೋಗುವ ಹಾಗೆ ಉಪಗ್ರಹವನ್ನು ಕಟ್ಟುವುದು. ಎರಡನೆಯದು ಅಗ್ಗ. ಸಾವಿರಗಟ್ಟಲೆ ಉಪಗ್ರಹ ಹಾರಿಸುವವರು ಹೆಚ್ಚಾಗಿ ಆರಿಸಿಕೊಂಡಿರುವುದು ಅದನ್ನೇ.

ಟ್ರಾನ್ಸಿಟ್ ಪಾಠ ನಾವು ಅರ್ಧ ಮಾತ್ರ ಕಲಿತೆವು ಅಂದದ್ದು ಇದಕ್ಕೇ. ಪ್ಲುಟೋನಿಯಂ ಸುಡಬಾರದು ಅಂತ ಅರ್ಥವಾಯಿತು. ಅಲ್ಯೂಮಿನಿಯಂ ಸುಟ್ಟರೆ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೆಚ್ಚು ಕೇಳಲಿಲ್ಲ. ವರ್ಷಕ್ಕೆ ಹತ್ತಾರು ಸಣ್ಣ ಉಪಗ್ರಹ ಬೀಳುತ್ತಿದ್ದಾಗ ಕೇಳುವ ಅಗತ್ಯ ಇರಲಿಲ್ಲವೇನೋ. ಈಗ ಸ್ಟಾರ್‌ಲಿಂಕ್ ಒಂದರದ್ದೇ ದಿನಕ್ಕೆ ಸರಾಸರಿ ಒಂದೆರಡು ಉಪಗ್ರಹ ಬೀಳುವ ಕಾಲ ಬಂದಿದೆ. ಒಂದೊಂದರ ಆಯಸ್ಸೇ ಸುಮಾರು ಐದು ವರ್ಷ. ಹಳೆಯದು ಬೀಳುತ್ತದೆ, ಹೊಸದು ಹೋಗುತ್ತದೆ, ಅದೂ ಬೀಳುತ್ತದೆ.

2023ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ನಾಸಾ ವಿಮಾನದಲ್ಲಿ ಅಲಾಸ್ಕಾ ಕಡೆ ಸುಮಾರು 19 ಕಿಲೋಮೀಟರ್ ಎತ್ತರಕ್ಕೆ ಹೋಗಿ ಅಲ್ಲಿನ ಗಾಳಿಯ ಕಣಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಅಲ್ಲಿ ತೇಲುವ ಸಲ್ಫ್ಯೂರಿಕ್ ಆಮ್ಲದ ಹನಿಗಳಲ್ಲಿ ಸ್ವಲ್ಪ ದೊಡ್ಡವನ್ನು ನೋಡಿದರೆ ಸುಮಾರು ಹತ್ತರಲ್ಲಿ ಒಂದರೊಳಗೆ ಉಪಗ್ರಹ, ರಾಕೆಟ್‌ಗಳಿಂದ ಬಂದ ಲೋಹ ಇತ್ತು. ಅಲ್ಯೂಮಿನಿಯಂ, ತಾಮ್ರ, ಲಿಥಿಯಂ, ಸೀಸ. ಈ ನಾಲ್ಕರ ಮಟ್ಟಿಗೆ ಬಾಹ್ಯಾಕಾಶದ ಧೂಳು ತರುವುದಕ್ಕಿಂತ ನಮ್ಮ ಯಂತ್ರಗಳು ಸುರಿಯುವುದೇ ಜಾಸ್ತಿಯಾಗಿಬಿಟ್ಟಿದೆ. 2024ರಲ್ಲಿ ಬಂದ ಇನ್ನೊಂದು ಅಧ್ಯಯನದ ಅಂದಾಜು, 250 ಕಿಲೋ ತೂಕದ ಒಂದು ಉಪಗ್ರಹ ಉರಿದರೆ ಸುಮಾರು 30 ಕಿಲೋ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಹುಟ್ಟುತ್ತದೆ. ಆ ಪುಡಿ ನಿಧಾನವಾಗಿ ಇಳಿದು ಓಜೋನ್ ಪದರ ಇರುವ ಎತ್ತರಕ್ಕೆ ಬರಲು ದಶಕಗಳೇ ಬೇಕು. ಕ್ಲೋರಿನ್ ಓಜೋನನ್ನು ಒಡೆಯುವ ಕೆಲಸಕ್ಕೆ ಅದು ನೆರವಾಗುತ್ತದೆ, ತಾನು ಖರ್ಚಾಗುವುದಿಲ್ಲ. ಇವತ್ತು ಬೀಳುವವುಗಳ ಪರಿಣಾಮ ಕಾಣುವ ಹೊತ್ತಿಗೆ ಇನ್ನೆಷ್ಟು ಸಾವಿರ ಬಿದ್ದಿರುತ್ತವೋ.

ಈಗಿರುವ ನಿಯಮಗಳು ನೋಡುವುದು ಎರಡೇ ಸಂಗತಿ: ಕಕ್ಷೆಯಲ್ಲಿ ಕಸ ಉಳಿಯಬಾರದು, ನೆಲದಲ್ಲಿ ಯಾರಿಗೂ ತಗುಲಬಾರದು. ಕೆಲಸ ಮುಗಿದ ಉಪಗ್ರಹ 25 ವರ್ಷದೊಳಗೆ ಇಳಿಯಬೇಕು ಅಂತ ಮೊದಲಿತ್ತು. ಅಮೆರಿಕ ತನ್ನ ಪರವಾನಗಿ ಪಡೆಯುವ, ಕೆಳಗಿನ ಕಕ್ಷೆಯ ಉಪಗ್ರಹಗಳಿಗೆ 2022ರಲ್ಲಿ ಅದನ್ನು ಐದು ವರ್ಷಕ್ಕೆ ಇಳಿಸಿತು. ಕಕ್ಷೆಯ ದೃಷ್ಟಿಯಿಂದ ಇದು ಒಳ್ಳೆಯದೇ, ಬೇಡ ಅನ್ನುವಂತಿಲ್ಲ. ಆದರೆ ನಡುವೆ ಇರುವ ಗಾಳಿಯ ಪರವಾಗಿ ಮಾತಾಡುವ ಒಂದು ಸಾಲೂ ಅದರಲ್ಲಿಲ್ಲ. ಉಪಗ್ರಹ ಹಾರಿಸಲು ಅನುಮತಿ ಕೊಡುವಾಗಲೇ ಅದು ಉರಿದು ಎಷ್ಟು ಲೋಹ ಗಾಳಿಗೆ ಬಿಡುತ್ತದೆ ಅಂತ ಲೆಕ್ಕ ಕೇಳಬೇಕು. ಇದು ದೊಡ್ಡ ಬೇಡಿಕೆಯಲ್ಲ. ಒಂದು ಸಣ್ಣ ಕಾರ್ಖಾನೆಯ ಹೊಗೆಕೊಳವೆಗೂ ನಾವು ಅಷ್ಟು ಕೇಳುತ್ತೇವೆ. ಲೋಹಕ್ಕೆ ಬದಲಿ ಹುಡುಕುವವರೂ ಇದ್ದಾರೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು ಮರದ ಹಲಗೆಗಳಿಂದ ಒಂದು ಗೇಣಿಗಿಂತ ಚಿಕ್ಕದಾದ ಉಪಗ್ರಹ ಮಾಡಿ 2024ರ ಕೊನೆಯಲ್ಲಿ ಕಕ್ಷೆಗೆ ಬಿಟ್ಟರು. ಮರ ಉರಿದರೆ ಅಲ್ಯೂಮಿನಿಯಂ ಪುಡಿ ಹುಟ್ಟುವುದಿಲ್ಲ. ಪ್ರಯತ್ನ ಪುಟ್ಟದು, ಕೇಳಿರುವ ಪ್ರಶ್ನೆ ಸರಿಯಾಗಿದೆ.

ಇನ್ನು ಮೇಲೆ ಉಳಿದಿರುವ ಹಳಬರು. ವ್ಯಾನ್‌ಗಾರ್ಡ್ 1 ಎಂದೋ ಒಂದು ದಿನ ಬಿದ್ದರೆ ಒಂದೂವರೆ ಕಿಲೋ ಲೋಹದ ಮಾತು, ಅಷ್ಟೇ. ಆದರೆ 1965ರ ಏಪ್ರಿಲ್ 3ರಂದು ಅಮೆರಿಕ ಹಾರಿಸಿದ ಸ್ನ್ಯಾಪ್-10ಎ ಅಂಥದ್ದಲ್ಲ. ಅದರಲ್ಲಿರುವುದು ಪರಮಾಣು ರಿಯಾಕ್ಟರ್. 43 ದಿನ ಓಡಿ ನಿಂತಿತು. ಸುಮಾರು 1,300 ಕಿಲೋಮೀಟರ್ ಎತ್ತರದಲ್ಲಿ ಈಗಲೂ ಸುತ್ತುತ್ತಿದೆ, ಸಾವಿರಾರು ವರ್ಷ ಸುತ್ತುತ್ತದೆ. ಅದಕ್ಕಿಂತ ಕೆಳಗೆ, 900 ಕಿಲೋಮೀಟರ್ ಆಸುಪಾಸಿನಲ್ಲಿ, ಸೋವಿಯತ್ ಬೇಹು ಉಪಗ್ರಹಗಳಿಂದ ಬೇರ್ಪಡಿಸಿ ಎತ್ತರಕ್ಕೆ ತಳ್ಳಿದ ರಿಯಾಕ್ಟರುಗಳು ಸುಮಾರು ಮೂವತ್ತು ಇವೆ. ಕೆಲವು ನೂರು ವರ್ಷ ಅಲ್ಲಿದ್ದರೆ ವಿಕಿರಣ ಬಹಳಷ್ಟು ತಗ್ಗಿರುತ್ತದೆ ಅನ್ನುವುದು ಅವುಗಳನ್ನು ಅಲ್ಲಿಟ್ಟವರ ಲೆಕ್ಕ. ಆ ಲೆಕ್ಕ ಸರಿಯಿರಬೇಕಾದರೆ ಅಷ್ಟೂ ಕಾಲ ಅವಕ್ಕೆ ಬೇರೆ ಯಾವ ಕಸವೂ ಡಿಕ್ಕಿ ಹೊಡೆಯಬಾರದು. ಮೇಲಿನ ಕಕ್ಷೆಗಳಲ್ಲಿ ಅತಿ ಹೆಚ್ಚು ಕಸ ತುಂಬಿರುವ ಎತ್ತರಗಳಲ್ಲಿ ಅದೂ ಒಂದು.